ಹಿಂದಿನ ಸೀಟಿನವನ ಕೆಲಸ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಆಫೀಸಿನಲ್ಲಿ ರಿಲೀಸಿನ ಮೇಲೆ ರಿಲೀಸು, ಶುಕ್ರವಾರ ರಾತ್ರಿ ಬಂತೆಂದರೆ ಬೆಂಗಳೂರಿನಿಂದ ಹುಬ್ಬಳ್ಳಿ ಬಸ್ಸು. ಬರೆಯಲು ವಿಷಯ ಇರಲಿಲ್ಲ ಅಂತಲ್ಲ, ಕುಳಿತು ಬರೆಯುವ ವ್ಯವಧಾನ ಇರಲಿಲ್ಲ ಅಷ್ಟೇ. ಇವತ್ತಿನದು ಕವಿತೆಯಲ್ಲ, ಪ್ರವಾಸ ಕಥನವೂ ಅಲ್ಲ. ಚಿಕ್ಕಂದಿನಿಂದ ಬಿಡದೆ ಕಾಡುವ ವಿಮಾನದ ಹುಚ್ಚಿನ ಬಗ್ಗೆ. ಬೋರಾದರೆ ಬೈದುಕೊಳ್ಳದೆ ಮುಂದಿನ ಬ್ಲಾಗಿಗೆ ಹೋಗಿಬಿಡಿ :-)

2025ರ ಸೆಪ್ಟೆಂಬರ್ 3ರಂದು ಬೀಜಿಂಗಿನಲ್ಲಿ ದೊಡ್ಡ ಸೇನಾ ಪಥಸಂಚಲನ ನಡೆಯಿತಲ್ಲ, ಅದರ ಮೇಲೆ ಜೆ-20ಎಸ್ ಅನ್ನುವ ವಿಮಾನ ಹಾರಿಹೋಯಿತು. ರಾಡಾರಿನ ಕಣ್ಣಿಗೆ ಸುಲಭವಾಗಿ ಬೀಳದಂತೆ ಮೈ ರೂಪಿಸಿಕೊಂಡ ವಿಮಾನಕ್ಕೆ ಸ್ಟೆಲ್ತ್ ವಿಮಾನ ಅನ್ನುತ್ತಾರೆ. ಜೆ-20ಎಸ್ ಅಂಥದ್ದೇ ಒಂದು ಯುದ್ಧವಿಮಾನ, ಆದರೆ ಅದರಲ್ಲಿ ಎರಡು ಸೀಟು, ಒಂದರ ಹಿಂದೆ ಒಂದು. ಜಗತ್ತಿನ ಮೊದಲ ಎರಡು ಸೀಟಿನ ಸ್ಟೆಲ್ತ್ ಯುದ್ಧವಿಮಾನ ಅದು. ಇದರ ಫೋಟೋಗಳು 2021ರಲ್ಲೇ ಹೊರಬಿದ್ದಿದ್ದವು. ಹಿಂದೆ ಕೂತವನ ಮುಖ್ಯ ಕೆಲಸ ಜೊತೆಯಲ್ಲಿ ಹಾರುವ ಯುದ್ಧ ಡ್ರೋನುಗಳನ್ನು ನಡೆಸುವುದು ಎಂದು ಆಗಿನಿಂದಲೂ ಬಲ್ಲವರು ಹೇಳುತ್ತಿದ್ದಾರೆ.

ಇದನ್ನು ಊಟದ ಹೊತ್ತಿನಲ್ಲಿ ಹೇಳಿದಾಗ ಪಕ್ಕದ ಗೆಳೆಯ ಕೇಳಿದ ಪ್ರಶ್ನೆ ಇದು: "ಡ್ರೋನ್ ಅಂದ್ರೆ ಮನುಷ್ಯ ಬೇಡ ಅಂತ ತಾನೇ? ಹಾಗಿದ್ಮೇಲೆ ಡ್ರೋನ್ ಜೊತೆ ಹಾರೋ ವಿಮಾನದಲ್ಲಿ ಒಬ್ಬನ ಬದಲು ಇಬ್ಬರು ಯಾಕೆ?"

ಒಳ್ಳೆಯ ಪ್ರಶ್ನೆ. ಒಂದು ವಾರ ತಲೆ ತಿಂದಿತು. ನಮಗೂ ಇದು ದೂರದ ಮಾತಲ್ಲ. ನಮ್ಮದೇ ಸ್ಟೆಲ್ತ್ ವಿಮಾನ ಎಎಂಸಿಎ ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿದೆ. 2024ರ ಮಾರ್ಚಿನಲ್ಲಿ ಅದಕ್ಕೆ ಸುಮಾರು 15,000 ಕೋಟಿ ರೂಪಾಯಿಯ ಮಂಜೂರಾತಿ ಸಿಕ್ಕಿತು. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಅದರ ನಿಜ ಗಾತ್ರದ ಮಾದರಿ ನಿಂತಿತ್ತು. ಅದರಲ್ಲಿ ಸೀಟು ಒಂದೇ.

ಮಜಾ ಏನೆಂದರೆ, ಎರಡು ಸೀಟಿನ ಸ್ಟೆಲ್ತ್ ವಿಮಾನ ಬೇಕು ಎಂದು ಚೀನಾಕ್ಕಿಂತ ಎಷ್ಟೋ ಮೊದಲು ಬಹಿರಂಗವಾಗಿ ಕೇಳಿದವರು ನಾವೇ! ರಷ್ಯಾದ ಸುಖೋಯ್-57 ಇದೆಯಲ್ಲ, ಅದನ್ನು ಆಧರಿಸಿ ಒಂದು ಜಂಟಿ ವಿಮಾನ ಮಾಡೋಣ ಎಂದು 2010ರ ಡಿಸೆಂಬರಿನಲ್ಲಿ ಎಚ್‌ಎಎಲ್ ಮತ್ತು ರಷ್ಯಾದವರು 29.5 ಕೋಟಿ ಡಾಲರಿನ ಪ್ರಾಥಮಿಕ ವಿನ್ಯಾಸದ ಒಪ್ಪಂದ ಮಾಡಿಕೊಂಡರು. ಆರಂಭದಲ್ಲಿ ನಮ್ಮ ವಾಯುಪಡೆ ಅದರಲ್ಲಿ ಎರಡು ಸೀಟು ಬಯಸಿತ್ತು. ಸುಖೋಯ್-30 ಎಂಕೆಐ ಎರಡು ಸೀಟಿನದು, ಅದರ ರುಚಿ ಹತ್ತಿತ್ತು. ಆಮೇಲೆ ಲೆಕ್ಕ ಹಾಕಿದಾಗ ಎರಡನೇ ಸೀಟಿನಿಂದ ಖರ್ಚು, ತೂಕ, ವರ್ಷಗಳು ಎಲ್ಲಾ ಏರುತ್ತವೆ ಎಂದು ಒಂದೇ ಸೀಟಿಗೆ ಇಳಿಯಿತು. 2018ರಲ್ಲಿ ಆ ಯೋಜನೆಯಿಂದಲೇ ನಾವು ಹೊರಬಂದೆವು. ಅಮೆರಿಕದವರದ್ದೂ ಇದೇ ಕತೆ. ಎಫ್-22ರ ಎರಡು ಸೀಟಿನ ರೂಪವನ್ನು 1996ರಲ್ಲಿ ದುಡ್ಡು ಉಳಿಸಲು ಕೈಬಿಟ್ಟರು. ಎಫ್-35ಕ್ಕಂತೂ ಎರಡು ಸೀಟು ಬರಲೇ ಇಲ್ಲ. ಅದರ ಪೈಲಟ್ ಸಿಮ್ಯುಲೇಟರಿನಲ್ಲಿ ಕಲಿತು, ಮೊದಲ ಹಾರಾಟವನ್ನೇ ಒಬ್ಬಂಟಿಯಾಗಿ ಮಾಡುತ್ತಾನೆ.

ಹಾಗಾದರೆ ಹಿಂದೆ ಕೂತವನು ಏನು ಮಾಡುತ್ತಾನೆ? ಸುಖೋಯ್-30ರಲ್ಲಿ ಮುಂದಿನವನು ವಿಮಾನ ಹಾರಿಸುತ್ತಾನೆ, ಹಿಂದಿನವನು ರಾಡಾರ್ ನೋಡುತ್ತಾನೆ, ಗುರಿ ಹುಡುಕುತ್ತಾನೆ, ಆಯುಧ ಸಿದ್ಧಪಡಿಸುತ್ತಾನೆ. ಇಂಥವರಿಗಾಗಿಯೇ 2022ರ ವಾಯುಪಡೆ ದಿನದಂದು ವೆಪನ್ ಸಿಸ್ಟಮ್ಸ್ ಎಂಬ ಹೊಸ ಶಾಖೆಯನ್ನು ಘೋಷಿಸಿದರು. ಅದರ ತರಬೇತಿ ಶಾಲೆ 2024ರ ಜುಲೈನಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿ ಶುರುವಾಯಿತು. ಈ ಶಾಖೆಯಲ್ಲಿ ನಾಲ್ಕು ಕವಲು. ನೆಲದಿಂದ ನೆಲಕ್ಕೆ ಹಾರುವ ಕ್ಷಿಪಣಿಯವರು, ನೆಲದಿಂದ ಆಕಾಶಕ್ಕೆ ಹಾರಿಸುವವರು, ಡ್ರೋನ್ ನಡೆಸುವವರು, ಮತ್ತು ಎರಡು ಸೀಟಿನ ವಿಮಾನದಲ್ಲಿ ಹಿಂದೆ ಕೂರುವವರು. ಡ್ರೋನಿನವನೂ ಹಿಂದಿನ ಸೀಟಿನವನೂ ಒಂದೇ ಶಾಲೆಯ ಹುಡುಗರು! ಅವರಿಬ್ಬರ ಕೆಲಸ ಮುಂದೊಂದು ದಿನ ಒಂದೇ ಆಗಬಹುದು ಅನ್ನುವ ಸೂಚನೆ ನನಗೆ ಅದರಲ್ಲೇ ಕಾಣುತ್ತದೆ.

ಇಷ್ಟೆಲ್ಲಾ ಓದಿಕೊಂಡಿದ್ದರೂ ಗೆಳೆಯನ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ. ಸಿಕ್ಕಿದ್ದು ನಮ್ಮ ಓಣಿಯ ಕಟ್ಟೆಯ ಮೇಲೆ. ಎದುರು ಮನೆಯ ಕಾಕಾ ವಾಯವ್ಯ ಸಾರಿಗೆಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದವರು. ಹುಬ್ಬಳ್ಳಿ-ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಚಿಗರಿ ಬಸ್ಸು ನಿಮಗೆ ಗೊತ್ತಿರಬಹುದು, ಬಿಆರ್‌ಟಿಎಸ್‌ನದು. ಅದರಲ್ಲಿ ಕಂಡಕ್ಟರ್ ಇಲ್ಲ. ನಾನು ಸುಮ್ಮನೆ ಕೆಣಕಲು, "ಕಾಕಾ, ಚಿಗರಿ ಬಂದ ಮ್ಯಾಲೆ ನಿಮ್ಮ ಕೆಲಸಾನ ಬ್ಯಾಡಾತು ನೋಡ್ರಿ" ಅಂದೆ.

"ಯಾರ ಹೇಳಿದ್ರು ನಿನಗ? ಕಂಡಕ್ಟರ್ ಅಂದ್ರ ಬರೇ ಟಿಕೀಟ್ ಹರಿಯಾಂವ ಅಂತ ತಿಳಕೊಂಡೀ ಏನು? ಹಿಂದಿನ ಬಾಗಲ್ದಾಗ ಮುದುಕಿ ಇಳ್ಯಾಕತ್ತಿರ್ತಾಳ, ಡ್ರೈವರಗ ಕಾಣ್ತೈತೇನು? ನಾ ಸೀಟಿ ಹೊಡದ ಮ್ಯಾಲೇನ ಗಾಡಿ ಮುಂದ ಹೋಗೂದು."

"ಹಂಗಂದ್ರ ಚಿಗರಿ ಹ್ಯಾಂಗ ಓಡತೈತ್ರಿ?"

"ಟಿಕೀಟ್ ಕೊಡೂ ಕೆಲಸ ಸ್ಟೇಶನ್‌ಗೆ ಹೋತು. ಬಾಗಲಾ ನೋಡೂದು ಡ್ರೈವರನ ತಲೀಮ್ಯಾಲೆ ಬಿತ್ತು. ಮುಂದಿನ ಸ್ಟಾಪ್ ಯಾವುದಂತ ಒದರೂದು ಮಶೀನ್ ಮಾಡತೈತಿ. ನನ್ನ ಕೆಲಸ ಎಲ್ಲೂ ಹೋಗಿಲ್ಲಪಾ ತಮ್ಮಾ, ಮೂರು ಪಾಲಾತು ಅಷ್ಟ."

ನಾನು ಹುಡುಕುತ್ತಿದ್ದ ಉತ್ತರ ಇದೇ. ಸೀಟು ತೆಗೆಯಬಹುದು, ಕೆಲಸ ತೆಗೆಯಲು ಬರುವುದಿಲ್ಲ. ಡ್ರೋನುಗಳನ್ನು ನಡೆಸುವ ಕೆಲಸ ಅಂತೂ ಇದ್ದೇ ಇದೆ. ಹಿಂದಿನ ಸೀಟಿಲ್ಲದಿದ್ದರೆ ಅದು ಕಾಕಾ ಹೇಳಿದ ಮೂರು ಕಡೆಗೇ ಹೋಗಬೇಕು: ಮುಂದಿನವನ ತಲೆಗೆ, ಮಶೀನಿಗೆ, ಇಲ್ಲವೇ ದೂರದ ಸ್ಟೇಶನ್ನಿಗೆ. ಒಂದೊಂದಾಗಿ ನೋಡೋಣ.

ಮೊದಲು ಮುಂದಿನವನ ತಲೆ. ಇದು ಆಗುವುದಿಲ್ಲ ಎಂದು ಹೇಳುವಂತಿಲ್ಲ. 2025ರ ಅಕ್ಟೋಬರಿನಲ್ಲಿ ಅಮೆರಿಕದ ನೆವಾಡದ ಮೇಲೆ ಎಫ್-22ರ ಪೈಲಟ್ ಒಬ್ಬನೇ, ಕಾಕ್‌ಪಿಟ್‌ನಲ್ಲಿ ಟ್ಯಾಬ್ಲೆಟ್ ಇಟ್ಟುಕೊಂಡು ಎಂಕ್ಯೂ-20 ಎಂಬ ಡ್ರೋನಿಗೆ ಆಜ್ಞೆ ಕೊಟ್ಟು ತೋರಿಸಿದ. ಆದರೆ ಅದು ಪ್ರದರ್ಶನ, ಡ್ರೋನ್ ಒಂದೇ, ಎದುರಿಗೆ ಯಾರೂ ಕ್ಷಿಪಣಿ ಬಿಡುತ್ತಿರಲಿಲ್ಲ.

ಇಲ್ಲಿ ನನ್ನ ಕೆಲಸದ ಮಾತು ಸ್ವಲ್ಪ ಹೇಳಬೇಕು. ಸಾಫ್ಟ್‌ವೇರಿನವರಿಗೆ ಆನ್-ಕಾಲ್ ಗೊತ್ತು. ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಎದ್ದು ಕೂರುವ ಪಾಳಿ. ಬಹಳ ಕಡೆ ಇದಕ್ಕೆ ಇಬ್ಬರಿರುತ್ತಾರೆ, ಪ್ರೈಮರಿ ಮತ್ತು ಸೆಕೆಂಡರಿ. ಮೊದಲನೆಯವನು ದಡ್ಡ ಅಂತ ಎರಡನೆಯವನನ್ನು ಇಡುವುದಲ್ಲ. ಬೆಂಕಿ ಆರಿಸುವವನ ಕಣ್ಣು ಬೆಂಕಿಯ ಮೇಲೇ ಇರುತ್ತದೆ. ಒಂದೇ ದೋಷದಿಂದ ನಲವತ್ತು ಅಲರ್ಟು ಕಿರುಚಿಕೊಳ್ಳುವಾಗ ಅವುಗಳಲ್ಲಿ ನಿಜವಾದದ್ದು ಯಾವುದು, ಬೇರೆ ಇನ್ನೇನು ಮುರಿಯುತ್ತಿದೆ ಎಂದು ದೂರ ನಿಂತು ನೋಡುವ ಒಬ್ಬ ಬೇಕು. ನಾನು ಎರಡೂ ಪಾಳಿ ಮಾಡಿದ್ದೇನೆ. ಎರಡನೆಯವನಾಗಿದ್ದಾಗ ನನಗೆ ಕಾಣುವುದು ಮೊದಲನೆಯವನಾಗಿದ್ದಾಗ ಕಾಣುವುದಿಲ್ಲ. ಮನುಷ್ಯ ಅದೇ, ಕುರ್ಚಿ ಬೇರೆ. ಅದೂ ನಾವು ಕೂರುವುದು ಗಾಳಿ ಬೀಸುವ ಫ್ಯಾನಿನ ಕೆಳಗೆ. ಯುದ್ಧವಿಮಾನ ಜೋರಾಗಿ ತಿರುಗಿದಾಗ ಪೈಲಟ್ಟಿನ ಮೈ ತೂಕ ಏಳೆಂಟು ಪಟ್ಟಾಗುತ್ತದೆ, ಕೈ ಎತ್ತುವುದೇ ಕಷ್ಟ. ಆ ಹೊತ್ತಿನಲ್ಲಿ ನಾಲ್ಕು ಡ್ರೋನುಗಳ ಯೋಗಕ್ಷೇಮ ಬೇರೆ!

ಎರಡನೆಯದು ಮಶೀನು. ನನ್ನ ಕಸುಬೇ ಇದಾದ್ದರಿಂದ ಇದರ ಮೇಲೆ ನಂಬಿಕೆಯೂ ಇದೆ, ಅನುಮಾನವೂ ಇದೆ. ತಾನೇ ಏರುವುದು, ಸಾಲಿನಲ್ಲಿ ಹಾರುವುದು, ಪಕ್ಕದವನಿಗೆ ಡಿಕ್ಕಿ ಹೊಡೆಯದಿರುವುದು, ತಾನೇ ಇಳಿಯುವುದು, ಇವೆಲ್ಲ ಸಾಫ್ಟ್‌ವೇರಿಗೆ ಒಪ್ಪುವ ಕೆಲಸ. ನಮ್ಮ ಚಿತ್ರದುರ್ಗದ ನೆಲದಲ್ಲೇ ಇದು ನಡೆದಿದೆ. 2022ರ ಜುಲೈ 1ರಂದು ಡಿಆರ್‌ಡಿಒದ ಬಾಲವಿಲ್ಲದ ರೆಕ್ಕೆಯಾಕಾರದ ವಿಮಾನವೊಂದು ಚಳ್ಳಕೆರೆ ಬಳಿಯ ಪರೀಕ್ಷಾ ನೆಲೆಯಿಂದ ತಾನಾಗಿಯೇ ಏರಿ, ಹಾರಿ, ತಾನಾಗಿಯೇ ಇಳಿಯಿತು. ಮುಂದೆ ಬರಬೇಕಾದ ಸ್ಟೆಲ್ತ್ ಡ್ರೋನಿಗೆ ಅದು ಪೂರ್ವಾಭ್ಯಾಸ.

ಹಾಡಿನ ಅಭ್ಯಾಸ ಬೇರೆ, ಕಚೇರಿ ಬೇರೆ. 2024ರ ಅಕ್ಟೋಬರ್ 5ರಂದು ಪೂರ್ವ ಉಕ್ರೇನಿನ ಮೇಲೆ ರಷ್ಯಾದ ಎಸ್-70 ಎಂಬ ದೊಡ್ಡ ಯುದ್ಧ ಡ್ರೋನ್ ಹಾರುತ್ತಿತ್ತು. ಜೊತೆಯಲ್ಲಿದ್ದ ಯುದ್ಧವಿಮಾನವೇ ಅದನ್ನು ಹೊಡೆದುರುಳಿಸಿತು! ಆ ವಿಮಾನ ಸುಖೋಯ್-57 ಎಂದು ಗುರುತಿಸಲಾಗಿದೆ. ಡ್ರೋನು ಹತೋಟಿ ತಪ್ಪಿತ್ತು, ಶತ್ರುವಿನ ಕೈಗೆ ಇಡಿಯಾಗಿ ಸಿಗಬಾರದೆಂದು ಹೊಡೆದರು ಎಂಬುದು ಬಹುತೇಕ ಎಲ್ಲರ ವಿವರಣೆ. ಅವಶೇಷ ಬಿದ್ದದ್ದು ಉಕ್ರೇನಿನವರ ಹಿಡಿತದ ಜಾಗದಲ್ಲೇ. ಈ ಜೋಡಿ ಜೊತೆಯಾಗಿ ಮೊದಲು ಹಾರಿದ್ದು 2019ರಲ್ಲಿ. ಐದು ವರ್ಷದ ಒಡನಾಟದ ನಂತರ ಹೀಗಾಯಿತು. ಮಶೀನು ಮಾತು ಕೇಳದಿದ್ದಾಗ ಹತ್ತಿರದಲ್ಲಿದ್ದ ಮನುಷ್ಯನೇ ತೀರ್ಮಾನ ಮಾಡಬೇಕಾಯಿತು. ಆ ಒಂಟಿ ಸೀಟಿನ ಮನುಷ್ಯ ಅದೇ ಹೊತ್ತಿಗೆ ಯುದ್ಧಭೂಮಿಯ ಮೇಲೆ ತನ್ನ ವಿಮಾನವನ್ನೂ ಹಾರಿಸುತ್ತಿದ್ದ.

ಮೂರನೆಯದು ದೂರದ ಸ್ಟೇಶನ್. ನೆಲದ ಮೇಲೆ ಎಸಿ ಕೋಣೆಯಲ್ಲಿ ಕುಳಿತು ಡ್ರೋನ್ ನಡೆಸುವುದು ಹೊಸದೇನಲ್ಲ. ಆಸ್ಟ್ರೇಲಿಯಾದವರು 2025ರಲ್ಲಿ ಇನ್ನೊಂದು ರೀತಿ ಮಾಡಿದರು. ಇ-7ಎ ಎಂಬ ದೊಡ್ಡ ರಾಡಾರ್ ವಿಮಾನದೊಳಗೆ ಕುಳಿತು ಘೋಸ್ಟ್ ಬ್ಯಾಟ್ ಡ್ರೋನುಗಳನ್ನು ನಡೆಸಿದರು. ಪ್ರಯಾಣಿಕ ವಿಮಾನದಷ್ಟು ಜಾಗ, ಆರಾಮ ಕುರ್ಚಿ, ಬೇಕಾದಷ್ಟು ಪರದೆ. ಆದರೆ ಅಷ್ಟು ದೊಡ್ಡ ವಿಮಾನ ಶತ್ರುವಿನ ಹತ್ತಿರ ಹೋಗುವಂತಿಲ್ಲ, ಬಲು ಹಿಂದೆಯೇ ಇರಬೇಕು.

ಅಲ್ಲೇ ತೊಡಕು. ಇಂಜಿನಿಯರಿಂಗಿನಲ್ಲಿ ಓದಿದ್ದು ನೆನಪಿದೆಯಾ? ರೇಡಿಯೋ ಸಂಕೇತ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 20 ಕಿಲೋಮೀಟರಿನಿಂದ ಕೂಗುವ ಬದಲು 200 ಕಿಲೋಮೀಟರಿನಿಂದ ಕೂಗಿದರೆ ಡ್ರೋನಿಗೆ ತಲುಪುವುದು ನೂರರಲ್ಲಿ ಒಂದು ಪಾಲು. ಹತ್ತಿರದಲ್ಲೇ ಇರುವ ಶತ್ರುವಿನ ಜ್ಯಾಮರಿಗೆ ಅದನ್ನು ಮುಳುಗಿಸುವುದು ಅಷ್ಟೇ ಸುಲಭ. ಗಣಪತಿ ಮೆರವಣಿಗೆಯ ಡಿಜೆ ಮುಂದೆ ನಿಂತವನಿಗೆ ರಸ್ತೆಯಾಚೆಯಿಂದ ಕೂಗಿ ನೋಡಿ, ಗೊತ್ತಾಗುತ್ತದೆ. ಕಿವಿಯ ಹತ್ತಿರ ಹೋಗಿ ಹೇಳಿದರೆ ಮಾತ್ರ ಕೇಳಿಸುತ್ತದೆ. ಹತ್ತಿರವಿದ್ದರೆ ಇನ್ನೊಂದು ಲಾಭ, ಮೆಲ್ಲಗೆ ಹೇಳಿದರೂ ಸಾಕು. ಸ್ಟೆಲ್ತ್ ವಿಮಾನಕ್ಕೆ ಇದು ಜೀವದ ಪ್ರಶ್ನೆ. ಮೈಯೆಲ್ಲಾ ಅಡಗಿಸಿಕೊಂಡು ಜೋರಾಗಿ ಕೂಗಿದರೆ ಅಡಗಿದ್ದೇನು ಬಂತು?

ಹಾಗಾಗಿ ಶತ್ರುವಿನ ಹತ್ತಿರ ಹೋಗಬಲ್ಲ, ಕಣ್ಣಿಗೆ ಬೀಳದ, ಡ್ರೋನುಗಳ ಪಕ್ಕದಲ್ಲೇ ಇರುವ ಒಂದು ಕುರ್ಚಿ ಬೇಕು. ಅದೇ ಸ್ಟೆಲ್ತ್ ವಿಮಾನದ ಹಿಂದಿನ ಸೀಟು. ಅಲ್ಲಿ ಕೂತವನಿಗೆ ಏನೇನು ಕೆಲಸ ಇರಬಹುದು ಅಂತ ಪಟ್ಟಿ ಮಾಡಿದೆ:

1. ಡ್ರೋನುಗಳ ಮುಖಂಡ. ಒಂದೊಂದನ್ನೂ ಹಾರಿಸುವುದಲ್ಲ, "ನೀನು ಮುಂದೆ ಹೋಗಿ ನೋಡು, ನೀನು ಇಲ್ಲೇ ಇರು, ನಿನ್ನ ಇಂಧನ ಮುಗಿಯುತ್ತಿದೆ ವಾಪಸ್ ನಡಿ" ಎಂದು ಕೆಲಸ ಹಂಚುವುದು.

2. ಶತ್ರುವಿನ ರಾಡಾರು, ರೇಡಿಯೋಗಳ ಕಣ್ಣು-ಕಿವಿ ಕೆಡಿಸುವುದು. ಅಮೆರಿಕದ ನೌಕಾಪಡೆಯಲ್ಲಿ ಈ ಕೆಲಸಕ್ಕೆಂದೇ ಪ್ರೌಲರ್ ಎಂಬ ವಿಮಾನವಿತ್ತು, ಅದರಲ್ಲಿ ನಾಲ್ಕು ಜನ. ಅದರ ಜಾಗಕ್ಕೆ ಬಂದ ಗ್ರೌಲರಿನಲ್ಲಿ ಇಬ್ಬರು. ಸಾಫ್ಟ್‌ವೇರ್ ಇಬ್ಬರ ಕೆಲಸ ತಿಂದಿತು, ಆದರೆ ನಾಲ್ಕು ಎರಡಾಯಿತು, ಒಂದಾಗಲಿಲ್ಲ.

3. ಸಣ್ಣದೊಂದು ಹಾರುವ ಕಚೇರಿ. ಹಿಂದಿನ ದೊಡ್ಡ ರಾಡಾರ್ ವಿಮಾನದ ಸಂಪರ್ಕ ಕಡಿದರೂ ಮುಂದಿನ ಸಾಲಿನ ವಿಮಾನಗಳಿಗೆ ಯಾರಾದರೂ ಒಟ್ಟು ಚಿತ್ರ ಹೇಳಬೇಕಲ್ಲ.

4. ಕಲಿಸುವುದು. ಬೀದರಿನಲ್ಲಿ ಹಾಕ್ ವಿಮಾನದ ಹಿಂದಿನ ಸೀಟಿನಲ್ಲಿ ಗುರು ಕೂತು ಕಲಿಸುತ್ತಾರಲ್ಲ, ಹಾಗೆ.

5. "ಬೇಡ" ಅನ್ನುವುದು. ಇದರ ಬಗ್ಗೆ ಕೊನೆಗೆ ಹೇಳುತ್ತೇನೆ.

ಹಾಗಿದ್ದರೆ ಎಎಂಸಿಎಗೆ ನಾಳೆಯೇ ಎರಡನೇ ಸೀಟು ಹಾಕಿಬಿಡಬೇಕಾ? ಅಷ್ಟು ಸುಲಭವಿಲ್ಲ. ಸ್ಟೆಲ್ತ್ ವಿಮಾನದ ಹೊಟ್ಟೆ ತುಂಬಿದ ಸಂಸಾರದ ಹಾಗೆ. ಬಾಂಬು, ಕ್ಷಿಪಣಿ, ಇಂಧನ ಎಲ್ಲವೂ ಒಳಗೇ ಇರಬೇಕು, ಹೊರಗೆ ತೂಗುಹಾಕಿದರೆ ರಾಡಾರಿಗೆ ಕಾಣುತ್ತದೆ. 25 ಟನ್ನಿನ ಎಎಂಸಿಎ ಒಳಗೆ 6.5 ಟನ್ ಇಂಧನ, 1.5 ಟನ್ ಆಯುಧ ಎಂಬ ಲೆಕ್ಕ ಇಟ್ಟಿದ್ದಾರೆ. ಇನ್ನೊಬ್ಬ ಕೂರಬೇಕೆಂದರೆ ಸೀಟು, ಆಮ್ಲಜನಕ, ಪರದೆಗಳು, ಉದ್ದದ ಗಾಜಿನ ಮುಚ್ಚಳ, ಎಲ್ಲಾ ಬೇಕು. ಇಂಧನಕ್ಕೆ ಕತ್ತರಿ ಬೀಳುತ್ತದೆ, ಇಲ್ಲವೇ ವಿಮಾನ ದೊಡ್ಡದಾಗುತ್ತದೆ. ಮೈಯ ಆಕಾರ ಬದಲಾದರೆ ರಾಡಾರಿನ ಲೆಕ್ಕವೆಲ್ಲ ಮತ್ತೆ ಮೊದಲಿನಿಂದ. ಮೇಲಾಗಿ ವಿಮಾನ ಬಿದ್ದರೆ ಒಂದು ಮನೆಯ ಬದಲು ಎರಡು ಮನೆಗೆ ಸುದ್ದಿ ಹೋಗುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ ಮಾತಾಡುವುದು ತಪ್ಪು.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಕೆಲಸ ಕಲಿಯೋಣ, ಸೀಟಿನ ತೀರ್ಮಾನ ಆಮೇಲೆ. ಕಲಿಯುವುದಕ್ಕೆ ಸ್ಟೆಲ್ತ್ ವಿಮಾನವೇ ಬೇಕಾಗಿಲ್ಲ. ಎಚ್‌ಎಎಲ್ 2021ರ ಏರೋ ಇಂಡಿಯಾದಲ್ಲಿ ಕ್ಯಾಟ್ಸ್ ವಾರಿಯರ್ ಎಂಬ ಜೊತೆಗಾರ ಡ್ರೋನಿನ ಮಾದರಿ ತೋರಿಸಿತು. 2025ರ ಜನವರಿಯಲ್ಲಿ ಅದರ ಪೂರ್ಣ ಗಾತ್ರದ ರೂಪದ ಎಂಜಿನ್ನನ್ನು ನೆಲದ ಮೇಲೆ ಓಡಿಸಿ ನೋಡಿದರು. ಎಂಜಿನ್ ಯಾವುದು ಗೊತ್ತಾ? ಬೆಂಗಳೂರಿನದೇ ಹಳೆಯ ಲಕ್ಷ್ಯ ಡ್ರೋನಿಗೆ ಮಾಡಿದ್ದ ಪಿಟಿಎಇ-7. ಈ ವಾರಿಯರ್‌ಗಳಿಗೆ ತಾಯಿ ವಿಮಾನ ಎಂದು ಎಚ್‌ಎಎಲ್ ಆರಿಸಿಕೊಂಡದ್ದು ಎರಡು ಸೀಟಿನ ತೇಜಸ್. ಅಂದರೆ ಒಂದೇ ಸೀಟಿನ ತೇಜಸ್ ಕೈಯಲ್ಲಿದ್ದರೂ ಈ ಕೆಲಸಕ್ಕೆ ಎರಡನೇ ಮನುಷ್ಯ ಬೇಕು ಅನ್ನುವುದು ನಮ್ಮ ಇಂಜಿನಿಯರುಗಳ ಲೆಕ್ಕಕ್ಕೆ ಬಂದಿದೆ. ಅಂಥ ಮೊದಲ ಎರಡು ಸೀಟಿನ ತೇಜಸ್ 2023ರ ಅಕ್ಟೋಬರಿನಲ್ಲಿ ವಾಯುಪಡೆಯ ಕೈ ಸೇರಿತು. ಜೊತೆಗೆ 250ಕ್ಕೂ ಹೆಚ್ಚು ಸುಖೋಯ್-30ಗಳಿವೆ. ಇವುಗಳ ಹಿಂದಿನ ಸೀಟಿನಲ್ಲಿ ಬೇಗಂಪೇಟೆಯ ಹುಡುಗರನ್ನು ಕೂರಿಸಿ, ಒಬ್ಬ ಮನುಷ್ಯ ಎಷ್ಟು ಡ್ರೋನ್ ನಿಭಾಯಿಸಬಲ್ಲ, ಯಾವುದನ್ನು ಮಶೀನಿಗೆ ಬಿಡಬಹುದು ಎಂದು ಅಳೆದು ನೋಡಬಹುದು. ಎರಡೇ ಎಂದಾದರೆ ಒಂದೇ ಸೀಟಿನ ಎಎಂಸಿಎ ಸಾಕು. ಎರಡನೆಯವನಿಲ್ಲದೆ ಆಗುವುದೇ ಇಲ್ಲ ಎಂದಾದರೆ, ಎಲ್ಲಾ ವಿಮಾನಗಳಿಗಲ್ಲದಿದ್ದರೂ ಕೆಲವಕ್ಕೆ ಎರಡು ಸೀಟು ಹಾಕುವ ದಾರಿಯನ್ನು ಈಗಲೇ ಮುಚ್ಚಬಾರದು.

ಇನ್ನು ಪಟ್ಟಿಯ ಐದನೆಯ ಕೆಲಸ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಬಸ್ಸು ಚಿತ್ರದುರ್ಗ ದಾಟಿ ಹಿರಿಯೂರಿನ ಮೇಲೆ ಹೋಗುತ್ತದೆ. ಆ ತಾಲ್ಲೂಕಿನ ವದ್ದಿಕೆರೆ ಹತ್ತಿರದ ಹೊಲವೊಂದರಲ್ಲಿ 2023ರ ಆಗಸ್ಟ್ 20ರಂದು ಡಿಆರ್‌ಡಿಒದ ತಪಸ್ ಡ್ರೋನ್ ಬಿತ್ತು. ಪರೀಕ್ಷಾ ಹಾರಾಟ, ಆಯುಧವಿರಲಿಲ್ಲ, ಯಾರ ಜೀವಕ್ಕೂ ತೊಂದರೆಯಾಗಲಿಲ್ಲ. ಪರೀಕ್ಷೆಯೆಂದರೆ ಬೀಳುವುದು ಇದ್ದದ್ದೇ, ಅದಕ್ಕಾಗಿಯೇ ಪರೀಕ್ಷೆ. ಆದರೆ ಸುತ್ತ ನೆರೆದ ಊರಿನ ಜನರ ಫೋಟೋ ನೋಡಿದಾಗ ಅನ್ನಿಸಿತು: ಮೇಲೆ ಹಾರುವುದು ಏನೇ ಆಗಲಿ, ಕೊನೆಗೆ ಅದು ಬೀಳುವುದು ಯಾರದೋ ಹೊಲದಲ್ಲಿ. ಬಾಂಬಿನ ವಿಷಯದಲ್ಲೂ ಅಷ್ಟೇ. ಯುದ್ಧದಲ್ಲಿ ಡ್ರೋನ್ ಕಳಿಸಿದ ಚಿತ್ರದಲ್ಲಿ ಒಂದು ಲಾರಿ ಕಾಣುತ್ತದೆ, ಕ್ಷಿಪಣಿ ಹೊತ್ತ ಲಾರಿಯೋ ಮೆಣಸಿನಕಾಯಿ ಹೊತ್ತ ಲಾರಿಯೋ. ಸಾಫ್ಟ್‌ವೇರು ನೂರಕ್ಕೆ ತೊಂಬತ್ತು ಕ್ಷಿಪಣಿ ಅನ್ನುತ್ತದೆ. ಆ ತೊಂಬತ್ತು ಎಲ್ಲಿಂದ ಬರುತ್ತದೆ ಎಂದು ನನ್ನಂಥವರಿಗೆ ಗೊತ್ತು. ಹಿಂದೆ ನೋಡಿದ ಲಾರಿಗಳ ಚಿತ್ರಗಳಿಂದ ಬರುತ್ತದೆ. ಇವತ್ತಿನ ಈ ಲಾರಿಯಿಂದಲ್ಲ.

ಆ ಕ್ಷಣದಲ್ಲಿ ಚಿತ್ರವನ್ನು ಇನ್ನೊಮ್ಮೆ ನೋಡಿ, "ಬೇಡ, ತಡಿ" ಅನ್ನಲು ಒಬ್ಬನಿಗೆ ಹತ್ತು ಸೆಕೆಂಡ್ ಪುರುಸೊತ್ತು ಇರಬೇಕು. ವಿಮಾನ ಹಾರಿಸುತ್ತಾ ತನ್ನ ಜೀವ ಉಳಿಸಿಕೊಳ್ಳುತ್ತಿರುವವನಿಗೆ ಆ ಹತ್ತು ಸೆಕೆಂಡ್ ಸಿಗುವುದಿಲ್ಲ. ದೂರದ ಕೋಣೆಯಲ್ಲಿ ಕೂತವನಿಗೆ ಚಿತ್ರವೇ ತಲುಪದಿರಬಹುದು. ಮಶೀನಿಗೆ ಪುರುಸೊತ್ತು ಬೇಕಾಗಿಯೇ ಇಲ್ಲ, ಅದಕ್ಕೆ ಅನುಮಾನ ಬರುವುದೂ ಇಲ್ಲ. ಎರಡನೆಯವನು ಕೂತಿದ್ದಾನೆ ಎಂದ ಮಾತ್ರಕ್ಕೆ ತಪ್ಪೇ ಆಗುವುದಿಲ್ಲ ಅಂತ ನಾನು ಹೇಳುವುದಿಲ್ಲ. ಮನುಷ್ಯರೂ ಬೇಕಾದಷ್ಟು ತಪ್ಪು ಮಾಡಿದ್ದಾರೆ. ಆದರೆ ಆಮೇಲೆ "ಯಾರು ಹೇಳಿದ್ದು?" ಎಂದು ಕೇಳಿದರೆ "ನಾನು" ಅನ್ನಲು ಒಬ್ಬ ಇರುತ್ತಾನೆ. ಎರಡನೇ ಸೀಟಿನ ತೂಕ, ಖರ್ಚು ಎಲ್ಲ ಲೆಕ್ಕ ಹಾಕುವವರು ಇದನ್ನೂ ಆ ತಕ್ಕಡಿಗೆ ಹಾಕಬೇಕು ಅನ್ನುವುದಷ್ಟೇ ನನ್ನ ವಾದ.

ವಾಯುಪಡೆಯಲ್ಲಿ ಕೆಲಸ ಮಾಡಿದವರು, ಎಚ್‌ಎಎಲ್ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಬ್ಲಾಗಿನಲ್ಲಿ ಉತ್ತರ ಬರೆಯಿರಿ, ಜಗಳವಾದರೂ ಪರವಾಗಿಲ್ಲ. ಮುಂದಿನ ಸಲ 1961ರಲ್ಲಿ ಬೆಂಗಳೂರಿನಲ್ಲಿ ಹಾರಿದ ನಮ್ಮ ಮೊದಲ ಜೆಟ್ ಯುದ್ಧವಿಮಾನ ಮಾರುತ್ ಬಗ್ಗೆ ಬರೆಯಬೇಕೆಂದಿದ್ದೇನೆ. ಆಫೀಸಿನವರು ಪುರುಸೊತ್ತು ಕೊಟ್ಟರೆ :-)